ಹಳ್ಳಕ್ಕೆ ಇಳಿಯುವ ಏಳು ದಾರಿ

ಇವತ್ತು ಬೆಳಿಗ್ಗೆ ಗಾದಿಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಎರಡೇಟು ಬಡಿದೆ. ಮೂರನೆಯ ಏಟು ಬೀಳುವಷ್ಟರಲ್ಲಿ ಸೀನು ಶುರುವಾಯಿತು. ಒಂದಲ್ಲ ಎರಡಲ್ಲ, ಹೆಂಡತಿ ಅಡುಗೆಮನೆಯಿಂದಲೇ ಎಣಿಸುತ್ತಿದ್ದಳಂತೆ, ಹನ್ನೊಂದು. "ಗಾದಿ ಬಡ್ಯಾಕ ಹೋಗಿ ನೀವ ಬಡಿಸ್ಕೊಂಡ್ರಿ ನೋಡ್ರಿ" ಎಂದಳು. ಕಣ್ಣು ಮೂಗು ಒರೆಸಿಕೊಂಡು ಗ್ಯಾಲರಿಯಲ್ಲಿ ಕುಳಿತೆ. ಆದರೆ ಸೀನುಗಳ ನಡುವೆ ಮೂಗಿಗೆ ಬಂದ ಒಂದು ವಾಸನೆ ಮಾತ್ರ ಹೋಗಲಿಲ್ಲ. ಬಿಸಿಲು ಕುಡಿದ ಹಳೆಯ ಅರಳೆಯ ವಾಸನೆ. ನಿಮ್ಮ ಮನೆಯಲ್ಲಿ ಸ್ಪಂಜಿನ ಹಾಸಿಗೆ ಇದ್ದರೆ ಈ ವಾಸನೆ ಗೊತ್ತಿರಲಿಕ್ಕಿಲ್ಲ. ಅದರಲ್ಲಿ ಸ್ವಲ್ಪ ಹೊಲ ಇರುತ್ತದೆ, ಸ್ವಲ್ಪ ಧೂಳು, ಉಳಿದದ್ದೆಲ್ಲ ಮನುಷ್ಯರ ನಿದ್ದೆ. ಆ ವಾಸನೆ ನನ್ನನ್ನು ಎತ್ತಿಕೊಂಡು ಹೋಗಿ, ಇದೇ ಹಳ್ಳದ ದಂಡೆಯ ಮೇಲಿದ್ದ ಒಂದು ತಗಡಿನ ಮನೆಯ ಮುಂದೆ, ಅರಳೆಯ ಮೂಟೆಯ ಮೇಲೆ ಕೂಡಿಸಿತು.

ನಾನೀಗ ಇರುವುದು ಗಂಗಾವತಿಯಲ್ಲಿ, ಊರ ನಡುವೆ ಹರಿಯುವ ಹಳ್ಳದ ದಂಡೆಗೆ ಕಟ್ಟಿದ ಸಾಲುಮನೆಗಳ ಎರಡನೆಯ ಅಂತಸ್ತಿನಲ್ಲಿ. ಕೆಳಗೆ ಕಲ್ಲುಹಾಸಿನ ದಾರಿ, ಅದರಾಚೆ ಹೊಂಗೆಯ ಗಿಡಗಳು, ಮೆಟ್ಟಿಲು, ನೀರು. ಎಡಗಡೆಗೆ, ಊರಲ್ಲಿ ಒಂದೊಂದು ಓಣಿಗೆ ಒಂದೊಂದಾಗಿ ಚೆಲ್ಲಿಹೋಗಿದ್ದ ಕಚೇರಿಗಳನ್ನೆಲ್ಲ ಒಟ್ಟುಮಾಡಿ ತಂದ ಹೊಸ ಕಟ್ಟಡ. ಮನೆಗೆ ಬಂದ ನೆಂಟರು "ಭಾಳ ಛಲೋ ಜಾಗಾ ಹಿಡದೀರಿ" ಅನ್ನುತ್ತಾರೆ. ನಾನು ನಗುತ್ತೇನೆ. ಈ ಜಾಗದ ಮೊದಲ ನಕಾಶೆ ಬರೆದವನು ನಾನೇ. ಅದನ್ನು ಕೆಡಿಸಿದವನೂ ನಾನೇ.

ನಾನು ಸರ್ವೇಯರ್ ಆಗಿದ್ದೆ. ಹುಟ್ಟಿದ್ದು ಕುಷ್ಟಗಿಯ ಕಡೆ. ನಮ್ಮಲ್ಲಿ ನೀರು ಎಂದರೆ ಕೊಡದೊಳಗೆ ಇರುವ ವಸ್ತು. ನಮ್ಮವ್ವ ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ ನೆನೆಸಿ, ಆ ನೀರನ್ನು ಎಮ್ಮೆಯ ಬಾನಿಗೆ ಸುರಿಯುತ್ತಿದ್ದಳು. ಒಂದು ತಂಬಿಗೆ ನೀರಿಗೆ ಮೂರು ಜನ್ಮ. ಹರಿಯುವ ನೀರನ್ನು ನಾನು ಸರಿಯಾಗಿ ನೋಡಿದ್ದು ನೌಕರಿ ಸಿಕ್ಕು ಈ ಭತ್ತದ ಸೀಮೆಗೆ ಬಂದ ಮೇಲೆ. ತುಂಗಭದ್ರೆಯ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ, ನಾನು ಹಿಡಿದುಕೊಂಡರೆ ಬಸ್ಸು ನಿಲ್ಲುತ್ತದೆ ಎನ್ನುವ ಹಾಗೆ. ಇಂಥವನ ಕೈಗೆ ಹಳ್ಳದ ದಂಡೆ ಅಳೆಯುವ ಕೆಲಸ ಬಂತು. ಸರ್ಕಾರಕ್ಕೆ ಹಾಸ್ಯಪ್ರಜ್ಞೆ ಇಲ್ಲವೆಂದು ಹೇಳುವವರನ್ನು ನಾನು ನಂಬುವುದಿಲ್ಲ.

ಆಗ ಹಳ್ಳ ಈಗಿನಂತೆ ಇರಲಿಲ್ಲ. ಊರಿನ ಮನೆಗಳೆಲ್ಲ ಅದಕ್ಕೆ ಬೆನ್ನು ಹಾಕಿ ಕುಳಿತಿದ್ದವು. ಗಟಾರುಗಳು ಬಂದು ಸೇರುತ್ತಿದ್ದವು. ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ, ಸಂತೆಯ ಕೊಳೆತ ಸೊಪ್ಪು, ಹರಿದ ಚಪ್ಪಲಿ, ಎಲ್ಲಕ್ಕೂ ಕೊನೆಯ ಊರು ಅದೇ. ಮೇಲಿನ ಗದ್ದೆಗಳ ಬಸಿನೀರು, ಕಾಲುವೆ ಬಿಟ್ಟಾಗ ಉಳಿದು ಬರುವ ನೀರು, ಇವೆರಡೂ ಸೇರಿ ಅದು ವರ್ಷದ ಬಹುಪಾಲು ಹರಿಯುತ್ತಿತ್ತು. ಮಳೆ ಜೋರಾದರೆ ದಂಡೆಯ ತಗಡಿನ ಮನೆಗಳೊಳಗೂ ನುಗ್ಗುತ್ತಿತ್ತು. ಅದಕ್ಕಾಗಿಯೇ ಹೊಸ ಯೋಜನೆ: ಗಟಾರುಗಳನ್ನು ಕೊಳವೆಗೆ ತಿರುಗಿಸುವುದು, ಹೂಳು ತೆಗೆಯುವುದು, ಎರಡೂ ಕಡೆ ಕಲ್ಲಿನ ಗೋಡೆ, ಓಡಾಡುವ ದಾರಿ, ದಂಡೆಯಲ್ಲೇ ಇದ್ದವರಿಗೆ ಪಕ್ಕಾ ಮನೆ, ಕಚೇರಿ. ಒಳ್ಳೆಯದೇ. ಆದರೆ ಟೇಪು ಹಿಡಿದು ಬಂದವನನ್ನು ನಂಬುವ ದಂಡೆ ಯಾವುದೂ ಇಲ್ಲ. ಮೊದಲ ದಿನ ನನಗೆ ಎದುರಾದದ್ದು ಮುಚ್ಚಿದ ಬಾಗಿಲುಗಳು ಮತ್ತು ತೆರೆದ ಬಾಯಿಯ ನಾಯಿಗಳು.

ಎರಡನೆಯ ದಿನ ಟೇಪಿನ ಇನ್ನೊಂದು ತುದಿ ಹಿಡಿಯುವವನು ರಜೆ ಹಾಕಿದ್ದ. ನಾನು ಒಂದು ತುದಿಗೆ ಕಲ್ಲಿಟ್ಟು ಇನ್ನೊಂದು ತುದಿ ಎಳೆಯುತ್ತಿದ್ದೆ. ಕಲ್ಲು ನನ್ನ ಹಿಂದೆಯೇ ಬರುತ್ತಿತ್ತು. ತಗಡಿನ ಮನೆಯ ಮುಂದೆ ಅರಳೆ ಹಿಂಜುತ್ತಿದ್ದ ಒಬ್ಬ ಮುದುಕಿ ಬಹಳ ಹೊತ್ತು ಇದನ್ನು ನೋಡಿದಳು. ತಲೆ, ಹುಬ್ಬು, ರೆಪ್ಪೆ ಎಲ್ಲ ಅರಳೆಯಿಂದ ಬೆಳ್ಳಗಾಗಿದ್ದವು. ಕೊನೆಗೆ ಎದ್ದು ಬಂದು ಟೇಪಿನ ತುದಿಯನ್ನು ಕಾಲ ಹೆಬ್ಬೆರಳಿನ ಕೆಳಗೆ ಒತ್ತಿ ನಿಂತಳು.

"ಎಳೀರಿ ಸಾಹೇಬ್ರ. ಕಲ್ಲಿಗೆ ಬುದ್ಧಿ ಇಲ್ಲ, ನಿಮ್ಮ ಹಿಂದ ಬರ್ತೈತಿ. ನಾ ಬರೂದಿಲ್ಲ."

ಆಕೆ ಜೈನಬೀ. ಓಣಿಯವರಿಗೆಲ್ಲ, ಹಿಂದೂ ಮುಸ್ಲಿಂ ಎನ್ನದೆ, ಬಡೀಮಾ. ಗಂಡ ತೀರಿಕೊಂಡ ಮೇಲೆ ಸೊಸೆ ರೆಹಾನಾಳನ್ನು ಜೊತೆಗಿಟ್ಟುಕೊಂಡು ಊರಿಗೆಲ್ಲ ಗಾದಿ ಹೊಲಿಯುತ್ತಿದ್ದಳು. ಹಳೆಯ ಗಾದಿ ಬಿಚ್ಚಿ, ಅರಳೆ ಹಿಂಜಿ, ಗವಸನ್ನು ಹಳ್ಳದಲ್ಲಿ ಒಗೆದು ಬಂಡೆಯ ಮೇಲೆ ಒಣಗಿಸಿ, ಮತ್ತೆ ತುಂಬಿ ಹೊಲಿದು ಕೊಡುವ ಕಸುಬು. ನಾನು ಇವತ್ತು ಬಡಿದ ಗಾದಿಯೂ ಆಕೆ ಹೊಲಿದದ್ದೇ.

ಅಂದು ಚಹಾ ಕೊಟ್ಟು, ಅರಳೆಯ ಮೂಟೆಯ ಮೇಲೆ ಕೂಡಿಸಿ, ನನ್ನ ಕೈಲಿದ್ದ ಹಾಳೆಯನ್ನು ಓರೆಯಾಗಿ ನೋಡುತ್ತ ಕೇಳಿದಳು: "ನಕಾಶಿದಾಗ ನೀರಿಗೆ ಇಳಿಯೂ ಹಾದಿ ಎಲ್ಲೈತ್ರಿ?"

"ಹಾದಿ ಇಲ್ಲ ಬಡೀಮಾ. ಗೋಡಿ ಬರ್ತೈತಿ."

"ಗೋಡಿ ಬರ್ಲಿ. ಹ್ವಾದ ಮಳಿಗಾಲದಾಗ ಎರಡು ಮೂಟಿ ಅರಳಿ ತೊಯ್ದು ಮುದ್ದಿ ಆಗ್ಯಾವ. ಗೋಡಿ ಬೇಕು. ಗೋಡಿಗೆ ಬಾಗಲಾ?"

"ಇಲ್ಲ. ಕಂಬಿ ಹಾಕ್ತಾರ. ನಿಂತು ನೋಡಬಹುದು."

ಬಡೀಮಾ ಚಹಾದ ಬಸಿಯನ್ನು ಕೆಳಗಿಟ್ಟಳು. "ಹಳ್ಳ ಏನು ಮದಲಗಿತ್ತೇನ್ರಿ, ಬರೇ ನಿಂತು ನೋಡಾಕ?"

ಎದ್ದು, ಸೆರಗು ಬಿಗಿದು, "ಬರ್ರಿ" ಎಂದು ಹೊರಟೇಬಿಟ್ಟಳು. ಆ ಮಧ್ಯಾಹ್ನ ನನಗೆ ಹಳ್ಳಕ್ಕೆ ಇಳಿಯುವ ದಾರಿಗಳನ್ನು ಒಂದೊಂದಾಗಿ ತೋರಿಸಿದಳು. ಅವರು ಅದನ್ನು ಇಳಕಲು ಅನ್ನುತ್ತಿದ್ದರು. ಒಂದೊಂದಕ್ಕೂ ಹೆಸರಿತ್ತು. ಮಡಿವಾಳರ ಇಳಕಲು. ಗಾದಿ ಇಳಕಲು, ಅದು ಆಕೆಯ ಮನೆಯ ಮುಂದಿನದು. ಹೆರಿಗೆಯಾದ ಹೆಣ್ಣುಮಕ್ಕಳು ಗಂಗೆಯ ಪೂಜೆಗೆ ಬರುವ ಬಾಣಂತಿ ಇಳಕಲು. ಅದು ಎಷ್ಟು ನಯವಾದ ಇಳಿಜಾರೆಂದರೆ ಕೊಡ ಹೊತ್ತವರೂ ಕಾಲು ನೋಡದೆ ಇಳಿಯಬಹುದು. ಮೊಹರಮ್ಮಿನ ಕೊನೆಯ ದಿನ ಅಲಾಯಿ ದೇವರು ನೀರಿಗೆ ಹೋಗುವುದು ಒಂದರಲ್ಲಿ, ಚೌತಿ ಮುಗಿದ ಮೇಲೆ ಗಣಪ್ಪ ಹೋಗುವುದು ಅದರ ಪಕ್ಕದ್ದರಲ್ಲಿ. ಆರನೆಯದು ಎಮ್ಮೆ ಇಳಕಲು.

ಎಮ್ಮೆ ಇಳಕಲಿನಲ್ಲಿ ನಾನು ಅಗಲ ಅಳೆಯುತ್ತ ಹಿಂದೆ ಹಿಂದೆ ಹೋದೆ. ಸರ್ವೇಯರನ ಕಣ್ಣು ಯಾವಾಗಲೂ ಟೇಪಿನ ಮೇಲಿರುತ್ತದೆ. ಎಮ್ಮೆಗಳು ತಲೆತಲಾಂತರದಿಂದ ತುಳಿದು ನುಣ್ಣಗೆ ಮಾಡಿದ್ದ ಕೆಸರಿಗೆ ಇದೆಲ್ಲ ಗೊತ್ತಿಲ್ಲ. ಜಾರಿದೆ. ಮುಂದಿನ ಕ್ಷಣ ಎದೆಮಟ್ಟದ ನೀರಿನಲ್ಲಿದ್ದೆ. ಎದೆಮಟ್ಟ ಅಂತ ಈಗ ಹೇಳುತ್ತಿದ್ದೇನೆ; ಆಗ ನನಗದು ಪಾತಾಳ. ಕೂಗಬೇಕೆಂದರೆ ಬಾಯೊಳಗೆ ಹಳ್ಳ.

"ಬಾಲ ಹಿಡೀರಿ! ಸಾಹೇಬ್ರ, ಬಾಲ! ಬಾಲ!" ದಂಡೆಯ ಮೇಲಿಂದ ಬಡೀಮಾ ಚೀರಿದಳು.

ಪಕ್ಕದಲ್ಲೊಂದು ಎಮ್ಮೆ ಕಣ್ಣು ಮುಚ್ಚಿ ಸುಖವಾಗಿ ಮಲಗಿತ್ತು. ನಾನು ಅದರ ಬಾಲ ಹಿಡಿದೆ. ಅದು ನನ್ನ ಕಡೆ ಒಮ್ಮೆ ತಿರುಗಿ ನೋಡಿ, ಯಾವುದೋ ದೊಡ್ಡ ಬೇಸರವನ್ನು ನುಂಗಿಕೊಂಡಂತೆ ಎದ್ದು, ನಿಧಾನವಾಗಿ ದಂಡೆ ಹತ್ತಿತು. ಹಿಂದೆ ನಾನು. ಓಣಿಯ ಎಲ್ಲ ಬಾಗಿಲುಗಳೂ ಆಗ ತೆರೆದವು. ಮೊದಲ ದಿನ ಮುಖ ತೋರಿಸದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ರೆಹಾನಾ ಒಣಗಿದ ಟವೆಲ್ಲು ತಂದುಕೊಟ್ಟಳು. ಅಂದಿನಿಂದ ನನಗೆ ಆ ದಂಡೆಯಲ್ಲಿ ಯಾರೂ ಸುಳ್ಳು ಹೆಸರು ಹೇಳಲಿಲ್ಲ. ಎಮ್ಮೆಯ ಬಾಲ ಹಿಡಿದವನಿಗೆ ಎಷ್ಟು ಹೊತ್ತು ಅಂತ ಹೆದರುತ್ತಾರೆ?

ಏಳನೆಯ ಇಳಕಲನ್ನು ತೊಯ್ದ ಬಟ್ಟೆಯಲ್ಲೇ ನೋಡಿದೆ. ಜಾಲಿಗಿಡದ ಮರೆಗೆ ಒಬ್ಬರು ಮಾತ್ರ ಇಳಿಯುವಷ್ಟು ಸಣ್ಣ ದಾರಿ, ಕೆಳಗೊಂದು ಚಪ್ಪಟೆ ಕಲ್ಲು. "ಇದರ ಹೆಸರೇನ್ರಿ?" ಎಂದೆ.

"ಇದಕ್ಕ ಹೆಸರಿಲ್ಲ. ಮನ್ಯಾಗ ಜಗಳಾ ಆದವ್ರು ಬಂದು ಕೂಡ್ತಾರ. ಯಾರರ ಕುಂತಿದ್ರ ನಾವು ಇತ್ತಾಗ ಹಾಯೂದಿಲ್ಲ." ಆ ಕಲ್ಲಿನ ಕಡೆ ಕೈ ಮಾಡಿ, "ಅವ್ರು ತೀರ್ಕೊಂಡಾಗ ನಾನೂ ಭಾಳ ದಿನಾ ಇಲ್ಲೇ ಕುಂತೀನಿ. ಅಲ್ಲಾನ ಕೂಡ ಜಗಳಾಡಿ" ಎಂದಳು.

ಮನೆಗೆ ಬಂದು ಏಳನ್ನೂ ನೀಲಿ ಪೆನ್ಸಿಲಿನಲ್ಲಿ ಗುರುತು ಮಾಡಿದೆ. ನನ್ನ ನೌಕರಿಯಲ್ಲೇ ಅಷ್ಟು ಚೆಂದದ ಹಾಳೆ ಬರೆದಿರಲಿಲ್ಲ. ಮರುದಿನ ಕಚೇರಿಯಲ್ಲಿ ಸಾಹೇಬರು ಅದನ್ನು ನೋಡಿ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. "ದನಾ ಇಳಿಯೂ ಹಾದಿನೆಲ್ಲ ಬರಕೋತ ಕುಂತ್ರ ಇದು ನಕಾಶಿ ಆಗ್ತೈತೋ, ಸಂತಿ ಆಗ್ತೈತೋ?" ಎಂದರು, ಅಷ್ಟೇ. ತೆಗೆ ಎಂದೂ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ನಾನೂ ಅವರ ಜೊತೆ ನಕ್ಕೆ. ಸಾಹೇಬರು ನಕ್ಕಾಗ ನಗುವುದನ್ನು ನಾನು ನೌಕರಿಯ ಮೊದಲ ವಾರವೇ ಕಲಿತಿದ್ದೆ. ಆಮೇಲೆ ಕಂಪ್ಯೂಟರಿನಲ್ಲಿ ಶುದ್ಧಪ್ರತಿ ಮಾಡಿಸುವಾಗ ಆ ಏಳು ನೀಲಿ ಗೆರೆಗಳನ್ನು ಕೊಡಲಿಲ್ಲ. ಅಳಿಸಿದೆ ಎಂದರೆ ಅತಿಯಾದೀತು; ದಾಟಿಸಲಿಲ್ಲ. ಅಳಿಸುವುದಕ್ಕೂ ಸ್ವಲ್ಪ ಧೈರ್ಯ ಬೇಕು.

ತಿಂಗಳಾದ ಮೇಲೆ ಶಾಲೆಯೊಂದರಲ್ಲಿ ಸಭೆ. ದಂಡೆಯವರೆಲ್ಲ ಬಂದಿದ್ದರು. ಗೋಡೆಗೆ ಬಿಗಿದ ದೊಡ್ಡ ನಕಾಶೆಯಲ್ಲಿ ಹಳ್ಳ ನೀಲಿ, ಮನೆಗಳು ಹಳದಿ, ಕಚೇರಿ ಗುಲಾಬಿ, ನಡುವೆ ಕೊಯ್ದಂತೆ ನೇರವಾದ ಕಪ್ಪು ಗೆರೆ: ಗೋಡೆ. ಸಾಹೇಬರು ವಿವರಿಸಿದರು. ವಿನ್ಯಾಸ ಮಾಡಲು ಹೊರಗಿನಿಂದ ಬಂದಿದ್ದ ಇಂಜಿನಿಯರ್ ಮೇಡಂ ಒಬ್ಬರು ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದರು. ಜನರ ನಡುವೆ ಗುಜುಗುಜು. ಮನೆಯೇ ಬೇಡ, ಕಟ್ಟುವ ತನಕ ಅಂತ ಬಿಟ್ಟುಹೋದವರನ್ನು ವಾಪಸ್ ಬಿಡುವುದಿಲ್ಲ ಎಂದು ಹಿಂದಿನ ಸಾಲಿನಲ್ಲಿ ಕೆಲವರು ಏಳುತ್ತಿದ್ದರು. ಬಡೀಮಾ ಮಾತ್ರ ನಕಾಶೆಯ ಹತ್ತಿರ ಹೋಗಿ, ಕಪ್ಪು ಗೆರೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ಸರಿಸಿದಳು. ಓದಲು ಬರುತ್ತಿರಲಿಲ್ಲ. ಆದರೆ ಬೆರಳು ಎಲ್ಲೂ ನಿಲ್ಲಲಿಲ್ಲವೆನ್ನುವುದು ಆಕೆಗೂ ತಿಳಿಯಿತು, ನನಗೂ ತಿಳಿಯಿತು.

"ಸರ್ವೇರ್ ಸಾಹೇಬ್ರ, ಒಂದ್ ಮಾತು. ನೀವು ಎಮ್ಮಿ ಬಾಲ ಹಿಡಕೊಂಡು ಮ್ಯಾಲ ಬಂದ್ರಲ್ಲ, ಆ ಜಾಗಾ ಇದರಾಗ ಎಲ್ಲೈತಿ? ಜರಾ ತೋರಸ್ರಿ."

ಸಭೆಗೆ ಸಭೆಯೇ ನಗೆಯಲ್ಲಿ ಮುಳುಗಿತು. ಸಾಹೇಬರೂ ನಕ್ಕರು. ನಾನು ಎದ್ದು ಹೋಗಿ ಕಪ್ಪು ಗೆರೆಯ ಒಂದು ಕಡೆ ಬೆರಳಿಟ್ಟೆ.

"ಇಲ್ಲಿ ಗೋಡಿ ಐತಲ್ಲ. ಎಮ್ಮಿ ಗೋಡಿಯೊಳಗಿಂದ ಬಂತೇನು?"

ಈ ಸಲ ಯಾರೂ ನಗಲಿಲ್ಲ. ಬಡೀಮಾ ನನ್ನನ್ನು ಬೈಯಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ. ದಾರಿ ತಪ್ಪಿದವನಿಗೆ ಊರು ತೋರಿಸುವವರ ಹಾಗೆ ತಾಳ್ಮೆಯಿಂದ ನೋಡುತ್ತಿದ್ದಳು. ಅದನ್ನು ತಡೆದುಕೊಳ್ಳುವುದು ಕಷ್ಟ. ಸಾಹೇಬರ ಹೆಸರು ನಾಲಗೆಯ ತುದಿಗೆ ಬಂದಿತ್ತು. ಆದರೆ ಅವರು ತೆಗೆಯಲು ಹೇಳಿರಲಿಲ್ಲ.

"ಇಳಕಲು ಇದ್ವು" ಎಂದೆ. ಧ್ವನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. "ಏಳು ಇಳಕಲು ಇದ್ವು. ನಾ ಬರಕೊಂಡಿದ್ದೆ. ಇದರಾಗ ಹಾಕ್ಲಿಲ್ಲ. ತಪ್ಪು ನಂದು."

ಮೇಡಂ ಪೆನ್ನು ಕೆಳಗಿಟ್ಟರು. "ಆ ಹಾಳೆ ಇದೆಯಾ ನಿಮ್ಮ ಹತ್ತಿರ?"

ಇತ್ತು, ಮನೆಯಲ್ಲಿ. ಸೈಕಲ್ಲು ಹತ್ತಿ ಓಡಿದೆ. ಮೇಜಿನ ಮೇಲಿಲ್ಲ, ಪೆಟ್ಟಿಗೆಯಲ್ಲಿಲ್ಲ. ಕೊನೆಗೆ ಹೆಂಡತಿ "ದಪ್ಪನ ಹಾಳಿ ಅಂತ ಮಾಡದಾಗ ಹಾಸೀನಿ" ಎಂದು ಗೋಡೆಯ ಗೂಡಿನಲ್ಲಿದ್ದ ಉಪ್ಪಿನಕಾಯಿಯ ಭರಣಿ ಎತ್ತಿದಳು. ಕೆಳಗೆ ನನ್ನ ಹಳ್ಳ. ಬಾಣಂತಿ ಇಳಕಲಿನ ಸುತ್ತ ಎಣ್ಣೆಯ ಗುಂಡನೆಯ ಕಲೆ. ಹಾಗೆಯೇ ತಂದು ಸಭೆಯಲ್ಲಿ ಹರವಿದೆ. ಮಾವಿನಕಾಯಿ, ಮೆಂತ್ಯದ ವಾಸನೆ ಹರಡಿತು. ಮೇಡಂ ಆ ಕಲೆಯ ಮೇಲೆ ಬೆರಳಿಟ್ಟು, "ಇದೇನು, ಇಲ್ಲಿ ಬಾವಿಯೂ ಇದೆಯಾ?" ಎಂದರು. ಮರುದಿನ ಅವರೇ ಬಡೀಮಾಳ ಹಿಂದೆ ಏಳೂ ಇಳಕಲು ಇಳಿದು ಹತ್ತಿದರು. ನನಗಿಂತ ಜಾಣೆ, ಚಪ್ಪಲಿ ಬಿಚ್ಚಿ ಹೋದರು.

ಏಳೂ ಉಳಿಯಲಿಲ್ಲ, ಕಥೆಯಾಗಿದ್ದರೆ ಉಳಿಯುತ್ತಿದ್ದವು. ಅಲಾಯಿ ದೇವರದೂ ಗಣಪ್ಪನದೂ ಸೇರಿ ಒಂದೇ ಅಗಲವಾದ ಸೋಪಾನವಾಯಿತು. ಅವರಿಬ್ಬರಿಗೂ ಅಭ್ಯಂತರವಿದ್ದಂತೆ ಕಾಣಲಿಲ್ಲ. ಬಾಣಂತಿ ಇಳಕಲು ಹಾಗೆಯೇ ಇಳಿಜಾರಾಗಿ ಉಳಿದು, ಈಗ ಗಾಲಿಕುರ್ಚಿಯವರೂ ನೀರಿನ ತನಕ ಬರುತ್ತಾರೆ. ಗಾದಿಯದೂ ಮಡಿವಾಳರದೂ ಒಟ್ಟಾಗಿ ಒಗೆಯುವ ಕಲ್ಲುಗಳ ಸಹಿತ ಒಂದು ಕಟ್ಟೆಯಾಯಿತು. ಎಮ್ಮೆಗಳು ಅಷ್ಟರಲ್ಲೇ ಊರ ಹೊರಗಿನ ಕೊಟ್ಟಿಗೆಗಳಿಗೆ ಹೋಗಿದ್ದವು. ಹೆಸರಿಲ್ಲದ ಏಳನೆಯದು ಕಚೇರಿಯ ಅಡಿಪಾಯದಲ್ಲಿ ಸೇರಿತು. ಅದೊಂದಕ್ಕೆ ನನಗೆ ಇವತ್ತಿಗೂ ಹಳಹಳಿ. ಒಮ್ಮೆ ಬಡೀಮಾಗೆ ಹೇಳಿಕೊಂಡರೆ, "ಜಗಳಾದವ್ರಿಗೆ ಯಾವ ಮೆಟ್ಟಲಾದ್ರೇನು ತಮ್ಮಾ, ಎಲ್ಲಾ ಕಡೆ ಕೂಡ್ತಾರ ಬಿಡು" ಎಂದಳು. ಆ ಹೊತ್ತಿಗೆ ನಾನು ಸಾಹೇಬನಿಂದ ತಮ್ಮನಿಗೆ ಬಡ್ತಿ ಪಡೆದಿದ್ದೆ.

ಮನೆ ಬಿಟ್ಟು ತಾತ್ಕಾಲಿಕ ಶೆಡ್ಡುಗಳಿಗೆ ಹೋಗುವ ದಿನ ಮಾತ್ರ ಆಕೆ ಅಳುಕಿದಳು. ಟ್ರ್ಯಾಕ್ಟರಿನಲ್ಲಿ ಅರಳೆಯ ಮೂಟೆ, ಮೂಟೆಯ ಮೇಲೆ ಹೊಲಿಗೆಯ ಸಾಮಾನು, ಅದರ ಮೇಲೆ ರೆಹಾನಾ. ಬಡೀಮಾ ಹತ್ತಲಿಲ್ಲ. ನನ್ನ ಹತ್ತಿರ ಬಂದು ಕೇಳಿದಳು: "ವಾಪಸ್ ಬರ್ತೀವಿ ಹೌದಲ್ಲೋ?"

"ನೋಡೂಣು ಬಡೀಮಾ."

"ನೋಡೂಣು ಅನ್ನೂದು ಸರ್ಕಾರದ ಮಾತು. ನಿನ್ನ ಮಾತು ಹೇಳು."

ನನಗೆ ಯಾವ ಅಧಿಕಾರವೂ ಇರಲಿಲ್ಲ. ಮನೆ ಹಂಚುವವನು ನಾನಲ್ಲ, ಕಟ್ಟುವವನೂ ಅಲ್ಲ. ಆದರೂ, "ಬರ್ತೀರಿ" ಎಂದುಬಿಟ್ಟೆ. ಎರಡು ಮಳೆಗಾಲ ಆ ಮಾತನ್ನು ಹೊತ್ತು ತಿರುಗಿದೆ. ಭಾನುವಾರ ಬಂತೆಂದರೆ ಶೆಡ್ಡಿಗೆ ಹೋಗುವುದು, ಗೋಡೆ ಎಲ್ಲಿಗೆ ಬಂತು, ಮೆಟ್ಟಿಲು ಎಷ್ಟಾದವು ಎಂದು ವರದಿ ಒಪ್ಪಿಸುವುದು. ಮನೆಗಳ ಪಟ್ಟಿ ತಯಾರಾದಾಗ ಕರೆಯದಿದ್ದರೂ ಹೋಗಿ ಮೇಜಿನ ಪಕ್ಕ ನಿಂತು, ದಂಡೆಯವರ ಹೆಸರುಗಳನ್ನು ನಾನು ಅಳೆಯುವಾಗ ಮನೆಮನೆಗೆ ಬರೆದುಕೊಂಡಿದ್ದ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿದೆ. ಎರಡು ಹೆಸರು ಬಿಟ್ಟುಹೋಗಿದ್ದವು. ಅದರಲ್ಲೊಂದು ಜೈನಬೀ. ಯಾರ ಕೇಡಿಗತನವೂ ಅಲ್ಲ. ಎರಡೂ ಕಡೆ, ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ತಿಳಿದಿದ್ದರು. ನಾನು ಅಲ್ಲಿಂದ ಕದಲಲಿಲ್ಲ. ಗುಮಾಸ್ತರು "ನಾಳಿ ಬರ್ರಿ" ಎಂದರೆ, "ಕುಂತಿರ್ತೀನ್ರಿ" ಎಂದೆ. ಊಟದ ಹೊತ್ತಾಯಿತು, ಮತ್ತೂ ಕುಳಿತೆ. ಸಾಯಂಕಾಲದೊಳಗೆ ಎರಡೂ ಹೆಸರು ಸೇರಿದವು. ಸೀಲು ಬಿದ್ದ ಪಟ್ಟಿಯನ್ನು ಕಣ್ಣಾರೆ ನೋಡಿ ಹೊರಗೆ ಬಂದೆ. ಕುಳಿತೇ ದಣಿದಿದ್ದೆ.

ವಾಪಸ್ ಬಂದ ದಿನ ಬಡೀಮಾ ಹೊಸ ಮನೆಯ ಗೋಡೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಕೆಳಗಿನ ಅಂತಸ್ತು ಬೇಕೆಂದು ಹಟ ಹಿಡಿದು ಪಡೆದಿದ್ದಳು. ಅರಳೆಯ ಮೂಟೆ ಮೆಟ್ಟಿಲು ಹತ್ತುವುದಿಲ್ಲ. ಮುಂಬಾಗಿಲಿನಿಂದ ಒಳಬಂದು, ಹಿಂಬಾಗಿಲಿನಿಂದ ಹೊರಬಿದ್ದು, ಸೀದಾ ಮೆಟ್ಟಿಲು ಇಳಿದು, ಸೀರೆ ನೆನೆಯುವಷ್ಟು ನೀರಿನಲ್ಲಿ ನಿಂತಳು. ಹಳ್ಳ ತಿಳಿಯಾಗಿತ್ತು. ಆಕೆಯ ಪಾದಗಳು ಕಾಣುತ್ತಿದ್ದವು. ಅವನ್ನೇ ಬಹಳ ಹೊತ್ತು ನೋಡಿ, "ಐವತ್ತು ವರ್ಷ ಆತು ತಮ್ಮಾ, ಈ ನೀರಾಗ ನನ್ನ ಕಾಲು ನೋಡಿರಲಿಲ್ಲ" ಎಂದಳು.

ನಿವೃತ್ತಿಯಾದ ಮೇಲೆ ನಾನೂ ಇಲ್ಲೇ ಬಾಡಿಗೆಗೆ ಮನೆ ಹಿಡಿದೆ. ಬಡೀಮಾ ಎರಡು ತಿಂಗಳಿಂದ ಯಲಬುರ್ಗಾದಲ್ಲಿ ಮಗಳ ಮನೆಯಲ್ಲಿದ್ದಾಳೆ, ಮೊಮ್ಮಗಳ ಬಾಣಂತನಕ್ಕೆ. ಅಲ್ಲಿಂದಲೇ ದಿನಾ ಫೋನು. ನಮಸ್ಕಾರವಿಲ್ಲ, ಆರೋಗ್ಯವಿಲ್ಲ, ಒಂದೇ ಪ್ರಶ್ನೆ: "ನೀರು ಎಷ್ಟನೇ ಮೆಟ್ಟಲಿಗೆ ಐತಿ?" ಒಮ್ಮೆ ಇಳಿಯಲು ಬೇಸರವಾಗಿ ಗ್ಯಾಲರಿಯಿಂದಲೇ ಅಂದಾಜು ಹೇಳಿದೆ. "ಮ್ಯಾಲಿಂದ ನೋಡಿ ಹೇಳ್ತಿ. ಇಳದು ನೋಡು" ಎಂದಳು. ಯಲಬುರ್ಗಾದಲ್ಲಿ ಕುಳಿತು ಹೇಗೆ ತಿಳಿಯಿತೋ!

ಇವತ್ತೂ ಫೋನು ಬಂತು. ಇಳಿದು ಹೋದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ, ನಾಲ್ಕನೆಯ ಮೆಟ್ಟಿಲು ತೊಯ್ದಿತ್ತು. ಅಗಲ ಮೆಟ್ಟಿಲಿನ ಮೇಲ್ತುದಿಯಲ್ಲಿ ಒಂದು ಪರ ಊರಿನ ಕುಟುಂಬ ನಿಂತಿತ್ತು. ಹನುಮನಹಳ್ಳಿಗೆ ಹೋಗಿ ಅಂಜನಾದ್ರಿ ಹತ್ತಿ ಇಳಿದು ಬಂದವರು. ಕಾಲು ಸೋತದ್ದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವರಲ್ಲಿ ದಪ್ಪ ಕನ್ನಡಕದ ಹೆಣ್ಣುಮಗಳೊಬ್ಬಳು ನೀರನ್ನೂ ಕಚೇರಿಯ ಕಟ್ಟಡವನ್ನೂ ಸರದಿಯಂತೆ ನೋಡಿ, ಅಲ್ಲಿ ಕಂಡ ಹಿರಿಯನೆಂದು ನನ್ನನ್ನು ಕೇಳಿದಳು:

"ನೀರಿಗೆ ಇಳೀಬಹುದೇನ್ರಿ? ಯಾರನ್ನ ಕೇಳಬೇಕು?"

ಹಿಂದಿನ ನಾನಾಗಿದ್ದರೆ ಕಚೇರಿಯ ಕಡೆ ಕೈ ತೋರಿಸುತ್ತಿದ್ದೆ.

"ಯಾರನ್ನೂ ಕೇಳಬ್ಯಾಡ್ರಿ" ಎಂದೆ. "ಇಳೀರಿ."

ಆಕೆ ಚಪ್ಪಲಿ ಬಿಟ್ಟು, ಒಂದು ಕೈಯಿಂದ ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ಹಿಂದೆ ಉಳಿದವರೂ ಇಳಿದರು.